ತುತ್ತಿಗೆ ಮುಖ ತಿರುಗಿಸುವ ಮಗು

ಸಂಜೆ ಏಳೂವರೆಯ ಹೊತ್ತಿಗೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಒಂದೇ ಬಗೆಯ ನಾಟಕ ನಡೆಯುತ್ತದೆ. ತಾಯಿಯ ಎಡಗೈಯಲ್ಲಿ ಬಟ್ಟಲು. ಬಲಗೈಯಲ್ಲಿ ಸೊಪ್ಪಿನ ಹುಳಿಯನ್ನು ಕಲಸಿದ ಅನ್ನದ ತುತ್ತು. ಎದುರಿಗೆ ಮೂರು ವರ್ಷದ ಮಗು. ತುತ್ತು ಬಾಯಿಯ ಬಳಿಗೆ ಬಂದೊಡನೆಯೇ ಮಗು ತುಟಿಗಳನ್ನು ಬಿಗಿಹಿಡಿದು ಮುಖವನ್ನು ಅತ್ತ ತಿರುಗಿಸುತ್ತದೆ. ಚಂದಮಾಮನನ್ನು ತೋರಿಸುವುದಾಯಿತು, ಕಾಗಕ್ಕ ಗುಬ್ಬಕ್ಕನ ಕಥೆಯಾಯಿತು, ಈಚಿನ ದಿನಗಳಲ್ಲಿ ಕೈಗೆ ಮೊಬೈಲನ್ನು ಕೊಡುವುದೂ ಆಯಿತು. ಕೊನೆಗೆ ಗುಮ್ಮನನ್ನು ಕರೆಯುವುದೊಂದೇ ಉಳಿಯುತ್ತದೆ. ಗುಮ್ಮನ ಹೆಸರು ಕೇಳಿ ಮಗು ಅಳುತ್ತದೆ. ಅಳಲು ತೆರೆದ ಬಾಯಿಗೆ ತುತ್ತು ಬೀಳುತ್ತದೆ. ಬಿದ್ದ ತುತ್ತು ಮರುಕ್ಷಣವೇ ಹೊರಗೆ ಬರುತ್ತದೆ.

ನಮ್ಮ ಮನೆಯಲ್ಲಿಯೂ ಈ ನಾಟಕ ಸುಮಾರು ಒಂದು ವರ್ಷ ನಡೆಯಿತು. ಮಗಳ ಮುಖ ಬಿಳಿಚಿಕೊಂಡಂತೆ ಕಂಡು ವೈದ್ಯರ ಬಳಿಗೆ ಕರೆದುಕೊಂಡು ಹೋದೆವು. ರಕ್ತಪರೀಕ್ಷೆಯಾಯಿತು. ಆ ವಯಸ್ಸಿನ ಮಗುವಿನ ೧೦೦ ಮಿಲಿಲೀಟರು ರಕ್ತದಲ್ಲಿ ಕಡೆಯ ಪಕ್ಷ ೧೧ ಗ್ರಾಂ ಹಿಮೊಗ್ಲೋಬಿನ್ ಇರಬೇಕು. ಇದ್ದುದು ೯ ಗ್ರಾಂ. "ಮಗು ಏನು ತಿನ್ನುತ್ತದೆ?" ಎಂದು ವೈದ್ಯರು ಕೇಳಿದರು. "ಏನನ್ನೂ ತಿನ್ನುವುದಿಲ್ಲ, ಡಾಕ್ಟರೇ" ಎಂದು ನನ್ನಾಕೆ ಕಣ್ಣು ತುಂಬಿಕೊಂಡಳು. ವೈದ್ಯರು ಮೇಜಿನ ಸುತ್ತ ಓಡುತ್ತಿದ್ದ ಮಗುವನ್ನು ನೋಡಿ, ನನ್ನ ಕಡೆಗೆ ತಿರುಗಿ, "ನೀವು ಭೌತಶಾಸ್ತ್ರದ ಪಾಠ ಹೇಳುವವರಲ್ಲವೆ? ಏನನ್ನೂ ತಿನ್ನದೆ ಇದು ಹೀಗೆ ಓಡುವುದು ಸಾಧ್ಯವೆ? ಮನೆಗೆ ಹೋಗಿ ಲೆಕ್ಕ ಹಾಕಿ" ಎಂದರು.

ನಾನು ನಾಚಿಕೊಂಡೆ. ಶಕ್ತಿಯ ಸಂರಕ್ಷಣಾ ನಿಯಮವನ್ನು ವರ್ಷ ವರ್ಷವೂ ತರಗತಿಯಲ್ಲಿ ಹೇಳುವವನು ಅದನ್ನು ಮನೆಯ ಬಾಗಿಲಲ್ಲಿಯೇ ಬಿಟ್ಟುಬಂದಿದ್ದೆ. ಈ ಲೇಖನ ಆ ಲೆಕ್ಕದಿಂದ ಹುಟ್ಟಿದುದು.

ಇದು ಒಂದು ಮನೆಯ ಸಂಗತಿಯಲ್ಲ. ೨೦೧೯-೨೧ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೬೭ ಮಂದಿ ರಕ್ತಹೀನರು. ಬಡತನ, ಜಂತುಹುಳು, ಪದೇ ಪದೇ ಬರುವ ಕಾಯಿಲೆ ಮೊದಲಾದ ಕಾರಣಗಳು ಇದರ ಹಿಂದೆ ಇವೆ. ಆದರೆ ಉಣ್ಣಲು ಅನುಕೂಲವಿರುವ ಮನೆಗಳಲ್ಲಿಯೂ ಮಕ್ಕಳು ರಕ್ತಹೀನರಾಗುವುದುಂಟು. ತಟ್ಟೆಯಲ್ಲಿ ಸೊಪ್ಪಿದೆ, ಮಗುವಿನ ಹೊಟ್ಟೆಯಲ್ಲಿಲ್ಲ. ಈ ಎರಡರ ನಡುವಣ ಅಂತರ ಒಂದು ಗೇಣು ಮಾತ್ರ. ಅದನ್ನು ದಾಟುವುದು ಏಕೆ ಅಷ್ಟು ಕಷ್ಟ?

ಏನನ್ನೂ ತಿನ್ನದ ಮಗುವಿನ ಲೆಕ್ಕ

ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾಗುವ ಶಕ್ತಿ ಸುಮಾರು ೧೦೦೦ ಕಿಲೊಕ್ಯಾಲರಿ. ಇದನ್ನು ಜೌಲುಗಳಿಗೆ ಪರಿವರ್ತಿಸಿ, ಒಂದು ದಿನದ ೮೬,೪೦೦ ಸೆಕೆಂಡುಗಳಿಂದ ಭಾಗಿಸಿದರೆ ಸುಮಾರು ೪೮ ವಾಟ್ ಬರುತ್ತದೆ. ಮನೆಯನ್ನೆಲ್ಲ ತಲೆಕೆಳಗು ಮಾಡುವ ಈ ಪುಟ್ಟ ಯಂತ್ರ ಐವತ್ತು ವಾಟಿನ ಒಂದು ಹಳೆಯ ಬಲ್ಬಿಗೆ ಬೇಕಾದಷ್ಟು ಶಕ್ತಿಯಲ್ಲಿ ನಡೆಯುತ್ತದೆಂದರೆ ಸೋಜಿಗವಲ್ಲವೆ?

ಈಗ ಜಮೆಯ ಕಡೆ ನೋಡೋಣ. ನಮ್ಮ ಮಗಳು ದಿನಕ್ಕೆ ಮೂರು ಲೋಟ ಹಾಲು ಕುಡಿಯುತ್ತಿದ್ದಳು. ೨೦೦ ಮಿಲಿಲೀಟರು ಹಸುವಿನ ಹಾಲಿನಿಂದ ಸುಮಾರು ೧೩೦, ಅದಕ್ಕೆ ಹಾಕಿದ ಎರಡು ಚಮಚ ಸಕ್ಕರೆಯಿಂದ ೪೦, ಒಟ್ಟು ೧೭೦ ಕಿಲೊಕ್ಯಾಲರಿ. ಮೂರು ಲೋಟಕ್ಕೆ ೫೧೦. 'ಹಸಿದಿದೆಯಲ್ಲಾ' ಎಂಬ ಮರುಕದಿಂದ ಆಗಾಗ ಕೈಗಿಟ್ಟ ಹತ್ತು ಸಣ್ಣ ಬಿಸ್ಕತ್ತುಗಳಿಗೆ ೨೦೦. ಅಂಗಡಿಯ ಕುರುಕಲು ತಿಂಡಿಯ ಒಂದು ಸಣ್ಣ ಪೊಟ್ಟಣಕ್ಕೆ ೧೧೦. ಕೂಡಿಸಿದರೆ ೮೨೦. ಉಳಿದ ೧೮೦ನ್ನು ಪೂರೈಸಲು ಅಜ್ಜಿ ಮಡಿಲಲ್ಲಿ ಕೂರಿಸಿಕೊಂಡು ತಿನ್ನಿಸುವ ಒಂದು ಪುಟ್ಟ ಬಟ್ಟಲು ಮೊಸರನ್ನ ಸಾಕು. ಲೆಕ್ಕ ಸರಿಹೋಯಿತು. ಮಗು 'ಏನನ್ನೂ ತಿನ್ನದೆ' ಇರಲಿಲ್ಲ. ಊಟದ ಹೊತ್ತಿಗೆ ಅದಕ್ಕೆ ಹಸಿವೆಯೇ ಉಳಿದಿರಲಿಲ್ಲ.

ಶಕ್ತಿಯ ಲೆಕ್ಕ ಸರಿಹೋದರೂ ಕಬ್ಬಿಣದ ಲೆಕ್ಕ ಸರಿಹೋಗುವುದಿಲ್ಲ. ಹಾಲಿನಲ್ಲಿ ಕ್ಯಾಲ್ಸಿಯಂ ಯಥೇಚ್ಛವಾಗಿದೆ. ಕಬ್ಬಿಣವಾದರೋ ಇಲ್ಲವೆಂಬಷ್ಟು ಕಡಮೆ. ಸಕ್ಕರೆಯಲ್ಲಿ ಶಕ್ತಿಯ ವಿನಾ ಮತ್ತೇನೂ ಇಲ್ಲ. ಹೊಟ್ಟೆ ತುಂಬಿದ್ದೂ ರಕ್ತ ಬಡವಾಗುವುದು ಹೀಗೆ.

ಇದರ ಜೊತೆಗೆ ತಾಯಂದಿರನ್ನು ದಿಗಿಲುಗೊಳಿಸುವ ಇನ್ನೊಂದು ಸಂಗತಿಯಿದೆ. ಹುಟ್ಟುವಾಗ ೩ ಕಿಲೊ ಇರುವ ಮಗು ಒಂದು ವರ್ಷಕ್ಕೆ ಸುಮಾರು ೯ ಕಿಲೊ ಆಗುತ್ತದೆ. ಅದೇ ವೇಗದಲ್ಲಿ ಬೆಳೆದಿದ್ದರೆ ಎರಡನೆಯ ವರ್ಷಕ್ಕೆ ೨೭ ಕಿಲೊ ಆಗಬೇಕಾಗಿತ್ತು! ಆದರೆ ಎರಡನೆಯ ವರ್ಷದಲ್ಲಿ ಅದು ಕೂಡಿಸಿಕೊಳ್ಳುವುದು ಎರಡು ಎರಡೂವರೆ ಕಿಲೊ ಮಾತ್ರ. ಬೆಳವಣಿಗೆಯ ವೇಗ ತಗ್ಗಿದಂತೆ ಹಸಿವೆಯೂ ತಗ್ಗುತ್ತದೆ. 'ಕಳೆದ ವರ್ಷ ಎಷ್ಟು ಚೆನ್ನಾಗಿ ತಿನ್ನುತ್ತಿತ್ತು, ಯಾರ ದೃಷ್ಟಿ ತಾಗಿತೋ' ಎಂದು ಅಜ್ಜಿಯರು ನಿಟ್ಟುಸಿರು ಬಿಡುವುದು ಈ ಸಮಯದಲ್ಲಿಯೇ. ದೃಷ್ಟಿ ತಾಗಿಲ್ಲ, ಮಗುವಿನ ಶರೀರ ತನ್ನ ಬೇಡಿಕೆಯನ್ನು ತಾನೇ ತಿದ್ದಿಕೊಂಡಿದೆ.

ನಾಲಗೆಯೆಂಬ ಉಪಕರಣ

ಹಸಿವೆಯ ಮಾತು ಹಾಗಿರಲಿ. ಹಸಿದ ಮಗುವೂ ಬಾಳೆಹಣ್ಣನ್ನು ಕಸಿದುಕೊಂಡು ತಿಂದು ಮೆಂತ್ಯದ ಸೊಪ್ಪನ್ನು ಉಗುಳುವುದೇಕೆ? ಇದಕ್ಕೆ ಉತ್ತರ ನಾಲಗೆಯಲ್ಲಿದೆ.

ನಾಲಗೆಯ ತುದಿಯಲ್ಲಿ ಸಿಹಿ, ಹಿಂಭಾಗದಲ್ಲಿ ಕಹಿ ಎಂದು ಭಾಗಗಳನ್ನು ಗುರುತಿಸಿದ ಚಿತ್ರವನ್ನು ನಿಮ್ಮಲ್ಲಿ ಕೆಲವರು ಪಠ್ಯಪುಸ್ತಕಗಳಲ್ಲಿ ನೋಡಿರಬಹುದು. ಅದು ಸರಿಯಲ್ಲ. ೧೯೦೧ರಲ್ಲಿ ಜರ್ಮನಿಯ ಹೆನಿಗ್ ಎಂಬಾತನು ಕಂಡ ಅತ್ಯಲ್ಪ ವ್ಯತ್ಯಾಸಗಳನ್ನು ಮುಂದಿನವರು ಹಿಗ್ಗಿಸಿ ಬರೆದುದರ ಫಲ ಆ ಚಿತ್ರ. ರುಚಿಮೊಗ್ಗುಗಳಿರುವ ಕಡೆಯಲ್ಲೆಲ್ಲ ನಾಲಗೆ ಎಲ್ಲ ರುಚಿಗಳನ್ನೂ ಗ್ರಹಿಸುತ್ತದೆ. ಈ ರುಚಿಗಳು ಐದು: ಸಿಹಿ, ಹುಳಿ, ಉಪ್ಪು, ಕಹಿ, ಮತ್ತು ೧೯೦೮ರಲ್ಲಿ ಜಪಾನಿನ ಇಕೆಡಾ ಗುರುತಿಸಿದ ಉಮಾಮಿ. ನಮ್ಮ ಪ್ರಾಚೀನರು ಹೇಳಿದ ಷಡ್ರಸಗಳಲ್ಲಿ ಬರುವ ಖಾರವೂ ಒಗರೂ ಈ ಪಟ್ಟಿಯಲ್ಲಿ ಇಲ್ಲವೇಕೆಂದು ನೀವು ಕೇಳಬಹುದು. ಮೆಣಸಿನಕಾಯಿಯ ಖಾರವನ್ನು ತಿಳಿಸುವುದು ಬಿಸಿಯನ್ನೂ ನೋವನ್ನೂ ತಿಳಿಸುವ ನರ. ಒಗರು ಬಹುಮಟ್ಟಿಗೆ ಬಾಯಿಯ ಒಳಚರ್ಮಕ್ಕೆ ಸಂಬಂಧಿಸಿದ ಸ್ಪರ್ಶಾನುಭವ.

ಸಿಹಿಯನ್ನು ಗುರುತಿಸಲು ನಾಲಗೆಯಲ್ಲಿ ಮುಖ್ಯವಾಗಿ ಒಂದೇ ಬಗೆಯ ಗ್ರಾಹಕವಿದೆ. ಕಹಿಗೆ ಮೀಸಲಾದ ಗ್ರಾಹಕಗಳಾದರೋ ಸುಮಾರು ೨೫ ಬಗೆಯವು. ಇವುಗಳ ಸೂಕ್ಷ್ಮತೆಯೂ ಅಧಿಕ. ನೀರಿನಲ್ಲಿ ಸಕ್ಕರೆ ಇರುವುದನ್ನು ನಾಲಗೆ ಗುರುತಿಸಬೇಕಾದರೆ ಎಷ್ಟು ಅಣುಗಳಿರಬೇಕೋ ಅದರ ಸುಮಾರು ಸಾವಿರದಲ್ಲೊಂದು ಪಾಲಿನಷ್ಟು ಕ್ವಿನೈನ್ ಅಣುಗಳಿದ್ದರೂ ಅದರ ಕಹಿ ತಿಳಿದುಬಿಡುತ್ತದೆ.

ಈ ಪಕ್ಷಪಾತಕ್ಕೆ ಕಾರಣವಿದೆ. ಗಿಡಗಳು ಓಡಲಾರವು, ತಿನ್ನಲು ಬರುವ ಪ್ರಾಣಿಗಳಿಂದ ತಮ್ಮನ್ನು ರಕ್ಷಿಸಿಕೊಳ್ಳಲು ಅವು ಎಲೆಯಲ್ಲಿ, ಬೀಜದಲ್ಲಿ ನಾನಾ ಬಗೆಯ ವಿಷವಸ್ತುಗಳನ್ನು ತಯಾರಿಸಿಟ್ಟುಕೊಳ್ಳುತ್ತವೆ. ಇವುಗಳಲ್ಲಿ ಅನೇಕವು ಕಹಿ. ಕಾಡಿನಲ್ಲಿ ಅಲೆಯುತ್ತಿದ್ದ ನಮ್ಮ ಪೂರ್ವಿಕರಲ್ಲಿ ಕಹಿಯನ್ನು ಕೂಡಲೇ ಗುರುತಿಸಿ ಉಗುಳಿದವರು ಬದುಕಿ ಉಳಿದರು. ಸಿಹಿಯಾದರೋ ಮಾಗಿದ ಹಣ್ಣಿನ ಗುರುತು, ತಾಯಿಯ ಹಾಲಿನ ಗುರುತು. ೧೯೭೦ರ ದಶಕದಲ್ಲಿ ಜೆರೂಸಲೇಮಿನ ಜೇಕಬ್ ಸ್ಟೈನರ್ ಎಂಬ ವಿಜ್ಞಾನಿ ಇನ್ನೂ ಒಂದು ಸಲವೂ ಹಾಲು ಕುಡಿಯದಿದ್ದ ನವಜಾತ ಶಿಶುಗಳ ನಾಲಗೆಗೆ ಒಂದೊಂದು ಹನಿ ದ್ರಾವಣವನ್ನು ಮುಟ್ಟಿಸಿ ನೋಡಿದನು. ಸಿಹಿಗೆ ಮುಖ ಅರಳಿತು. ಕಹಿಗೆ ತುಟಿಯ ಅಂಚುಗಳು ಇಳಿದು ನಾಲಗೆ ಹೊರಕ್ಕೆ ಚಾಚಿತು. ಯಾರೂ ಕಲಿಸದೆ ಬಂದ ಪಾಠ ಇದು. ಸೊಪ್ಪನ್ನು ಉಗುಳುವ ಮಗು ಹಟಮಾರಿಯಲ್ಲ. ಲಕ್ಷಾಂತರ ವರ್ಷಗಳ ಹಳೆಯ ಕಾವಲುಗಾರನೊಬ್ಬನ ಮಾತನ್ನು ಕೇಳುತ್ತಿದೆ.

ಒಂದೇ ಸೊಪ್ಪು, ಎರಡು ರುಚಿ

"ಕಹಿಯೇ ಇಲ್ಲವಲ್ಲ, ನೋಡು, ನಾನು ತಿನ್ನುತ್ತಿಲ್ಲವೆ?" ಎಂದು ನಾವು ಮಗುವಿಗೆ ಹೇಳುವುದುಂಟು. ಈ ವಾದ ಎಷ್ಟು ದುರ್ಬಲವೆಂಬುದನ್ನು ಒಂದು ಆಕಸ್ಮಿಕ ತೋರಿಸಿಕೊಟ್ಟಿತು. ೧೯೩೧ರ ಸುಮಾರಿಗೆ ಅಮೆರಿಕದ ಡ್ಯೂಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿ ಫಿನೈಲ್ ಥಯೋಕಾರ್ಬಮೈಡ್ ಎಂಬ ಪುಡಿಯನ್ನು ಸೀಸೆಗೆ ತುಂಬುತ್ತಿದ್ದಾಗ ಸ್ವಲ್ಪ ಗಾಳಿಗೆ ಹಾರಿತು. ಬಳಿಯಲ್ಲಿದ್ದ ಸಹೋದ್ಯೋಗಿ ಬಾಯೆಲ್ಲ ಕಹಿಯಾಯಿತೆಂದು ದೂರಿದನು. ಇನ್ನೂ ಹತ್ತಿರದಲ್ಲಿದ್ದ ಫಾಕ್ಸನಿಗೆ ಯಾವ ರುಚಿಯೂ ತಿಳಿಯಲಿಲ್ಲ. ಇಬ್ಬರೂ ಪುಡಿಯನ್ನು ನಾಲಗೆಗೆ ಹಚ್ಚಿ ನೋಡಿದರು. ಒಬ್ಬನಿಗೆ ತೀವ್ರ ಕಹಿ, ಇನ್ನೊಬ್ಬನಿಗೆ ಏನೂ ಇಲ್ಲ. ಇಬ್ಬರೂ ಹೇಳಿದುದು ನಿಜವೇ.

ಈ ಭೇದ ವಂಶಪಾರಂಪರ್ಯವಾಗಿ ಬರುತ್ತದೆಂದು ಬೇಗನೆ ಗೊತ್ತಾಯಿತು. ಅದಕ್ಕೆ ಕಾರಣವಾದ ಜೀನನ್ನು ೨೦೦೩ರಲ್ಲಿ ಗುರುತಿಸಿದರು. ಎಲೆಕೋಸು, ಮೂಲಂಗಿ, ಸಾಸಿವೆ ಸೊಪ್ಪು ಇವುಗಳಲ್ಲಿ ಆ ಪುಡಿಯನ್ನು ಹೋಲುವ ರಚನೆಯುಳ್ಳ ವಸ್ತುಗಳಿವೆ. ೨೦೦೫ರಲ್ಲಿ ಫಿಲಡೆಲ್ಫಿಯಾದ ಜೂಲಿ ಮೆನ್ನೆಲ್ಲ ಮತ್ತು ಅವರ ಸಹೋದ್ಯೋಗಿಗಳು ಮಕ್ಕಳನ್ನೂ ತಾಯಂದಿರನ್ನೂ ಒಟ್ಟಿಗೆ ಪರೀಕ್ಷಿಸಿ ಮತ್ತೊಂದು ಸಂಗತಿಯನ್ನು ಕಂಡರು. ಕಹಿಯನ್ನು ಗ್ರಹಿಸುವ ಜೀನಿನ ಒಂದು ಪ್ರತಿ ಮಾತ್ರ ಇರುವವರಲ್ಲಿ, ಅದೇ ಬಗೆಯ ಜೀನುಗಳುಳ್ಳ ತಾಯಂದಿರಿಗಿಂತ ಮಕ್ಕಳಿಗೆ ಕಹಿ ಹೆಚ್ಚು ತಿಳಿಯುತ್ತಿತ್ತು. ಆದುದರಿಂದ ತಾಯಿಗೆ ಸಪ್ಪೆಯಾದ ಪಲ್ಯ ಮಗುವಿಗೆ ನಿಜವಾಗಿಯೂ ಕಹಿಯಾಗಿರಬಹುದು. ಬೇರೆ ಬೇರೆ ಸೂಕ್ಷ್ಮತೆಯ ಎರಡು ಮಾಪಕಗಳು ಬೇರೆ ಬೇರೆ ಅಂಕವನ್ನು ತೋರಿಸಿದರೆ, ಅದರಲ್ಲೊಂದು ಸುಳ್ಳು ಹೇಳುತ್ತಿದೆಯೆಂದು ಯಾವ ಭೌತವಿಜ್ಞಾನಿಯೂ ಹೇಳಲಾರ.

ಹೊಸದರ ಭಯ

ಕಹಿಯೊಂದೇ ಅಲ್ಲ. ಹಿಂದೆಂದೂ ಬಾಯಿಗಿಡದ ಪದಾರ್ಥವನ್ನು ಮಗು ಬಣ್ಣ ನೋಡಿಯೇ ತಿರಸ್ಕರಿಸುವುದುಂಟು. ಇದರ ರಹಸ್ಯವನ್ನು ಇಲಿಯಿಂದ ತಿಳಿಯಬಹುದು. ಪಾಷಾಣ ಬೆರೆಸಿದ ತಿಂಡಿಯನ್ನು ಇಲಿ ಮೊದಲ ದಿನವೇ ಹೊಟ್ಟೆತುಂಬ ತಿನ್ನುವುದಿಲ್ಲವೆಂಬುದು ಹಳ್ಳಿಯವರೆಲ್ಲರಿಗೂ ಗೊತ್ತು. ಅದು ಮೂಸಿ, ಚೂರು ಕಚ್ಚಿ, ಹೋಗಿ ಕಾಯುತ್ತದೆ. ಹೊಟ್ಟೆ ಕೆಡದಿದ್ದರೆ ಮತ್ತೆ ಬರುತ್ತದೆ. ಮನುಷ್ಯನೂ ಇಲಿಯೂ ಸರ್ವಭಕ್ಷಕರು. ಸರ್ವಭಕ್ಷಕ ಪ್ರಾಣಿಗೆ ಒಂದು ಇಕ್ಕಟ್ಟಿದೆ: ಹೊಸ ಆಹಾರವನ್ನು ಹುಡುಕದಿದ್ದರೆ ಉಪವಾಸ, ಹುಡುಕಿ ತಪ್ಪಿದರೆ ಮರಣ. ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ೧೯೭೬ರಲ್ಲಿ ಈ ಇಕ್ಕಟ್ಟನ್ನು ವಿಶದವಾಗಿ ನಿರೂಪಿಸಿದನು.

ಮಡಿಲಿನ ಕೂಸು ಕೈಗೆ ಸಿಕ್ಕಿದುದನ್ನೆಲ್ಲ ಬಾಯಿಗೆ ಹಾಕುತ್ತದೆ; ಏಕೆಂದರೆ ಅದರ ಕೈಗೆ ಏನು ಸಿಗಬೇಕೆಂಬುದನ್ನು ತಾಯಿ ನೋಡಿಕೊಳ್ಳುತ್ತಾಳೆ. ಅದೇ ಕೂಸು ನಡೆಯಲು ಕಲಿತು ಹಿತ್ತಲಿಗೆ ಹೋಗುವ ಕಾಲಕ್ಕೆ ಹೊಸ ತಿನಿಸಿನ ಭಯ ತಲೆದೋರುತ್ತದೆ. ಎರಡರಿಂದ ಆರು ವರ್ಷಗಳವರೆಗೆ ಅದು ಪ್ರಬಲ. ಆಮೇಲೆ ಕ್ರಮೇಣ ಇಳಿಯುತ್ತದೆ. ದತ್ತೂರಿಯ ಕಾಯಿಯನ್ನೋ ಹರಳಿನ ಬೀಜವನ್ನೋ ತಿನ್ನದಂತೆ ಮಗುವನ್ನು ಕಾಯುವ ಈ ಭಯವೇ ನಮ್ಮ ದಂಟಿನ ಸೊಪ್ಪಿನ ಮೇಲೂ ಎರಗುತ್ತದೆ. ಎರಡೂ ಹಸುರು, ಎರಡೂ ಅಪರಿಚಿತ, ಮಗು ಭೇದವನ್ನು ಹೇಗೆ ಬಲ್ಲದು?

ಪರಿಚಯದ ಬಲ

ಭಯಕ್ಕೆ ಮದ್ದು ಪರಿಚಯ. ೧೯೮೨ರಲ್ಲಿ ಅಮೆರಿಕದ ಲಿಯಾನ್ ಬರ್ಚ್ ಮತ್ತು ಡಯೇನ್ ಮಾರ್ಲಿನ್ ಎಂಬ ಸಂಶೋಧಕಿಯರು ಎರಡು ವರ್ಷದ ಮಕ್ಕಳಿಗೆ ಅವರು ಅರಿಯದ ಹಣ್ಣು ಮತ್ತು ಗಿಣ್ಣುಗಳನ್ನು ಕೊಟ್ಟು ಪ್ರಯೋಗ ನಡೆಸಿದರು. ಒಂದನ್ನು ೨ ಸಲ, ಇನ್ನೊಂದನ್ನು ೫ ಸಲ, ಮತ್ತೊಂದನ್ನು ೧೦ ಸಲ, ಹೀಗೆ ೨೦ ಸಲದವರೆಗೆ ರುಚಿ ನೋಡಿಸಿದರು. ಕೊನೆಗೆ ಮಕ್ಕಳು ಯಾವುದನ್ನು ಆರಿಸಿಕೊಂಡರು? ಹೆಚ್ಚು ಸಲ ರುಚಿ ನೋಡಿದುದನ್ನು. ಕಣ್ಣಿಗೆ ತೋರಿಸಿದರೆ ಸಾಕೆ ಎಂಬ ಪ್ರಶ್ನೆಯನ್ನು ಅವರ ತಂಡ ೧೯೮೭ರಲ್ಲಿ ಪರೀಕ್ಷಿಸಿತು. ಸಾಲದು, ನೋಡಿ ನೋಡಿ ಅಭ್ಯಾಸವಾದರೆ ನೋಟಕ್ಕೆ ಮಾತ್ರ ಹಿತವಾಗುತ್ತದೆ, ನಾಲಗೆಗೆ ಹಿತವಾಗಬೇಕಾದರೆ ನಾಲಗೆಯೇ ಮುಟ್ಟಬೇಕು. ಆದರೆ ಮುಟ್ಟಬೇಕಾದುದು ಕಡಲೆಕಾಳಿನಷ್ಟು ಮಾತ್ರ, ಬಟ್ಟಲು ಖಾಲಿಯಾಗಬೇಕಿಲ್ಲ.

ಇಂತಹ ಪ್ರಯೋಗಗಳಿಂದ ತಿಳಿಯುವುದೇನೆಂದರೆ, ಒಂದು ಹೊಸ ರುಚಿ ಒಗ್ಗಲು ಎಂಟು ಹತ್ತು ಸಲ, ಕೆಲವು ಮಕ್ಕಳಿಗೆ ಹದಿನೈದು ಸಲವೂ ಬೇಕಾಗಬಹುದು. ನಮ್ಮ ಮನೆಯಲ್ಲಿ ಮೂರನೆಯ ಸಲಕ್ಕೇ "ಇವಳಿಗೆ ಸೊಪ್ಪು ಸೇರುವುದಿಲ್ಲ" ಎಂದು ತೀರ್ಪು ಕೊಟ್ಟುಬಿಟ್ಟಿದ್ದೆವು.

ಪರಿಚಯ ಹುಟ್ಟಿದ ಮೇಲೆಯೇ ಆರಂಭವಾಗಬೇಕೆಂದೂ ಇಲ್ಲ. ೨೦೦೧ರಲ್ಲಿ ಮೆನ್ನೆಲ್ಲ ಅವರು ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಗರ್ಭಿಣಿಯರು ಕಡೆಯ ತಿಂಗಳುಗಳಲ್ಲಿಯೂ, ಬೇರೆ ಕೆಲವರು ಬಾಣಂತಿಯರಾಗಿದ್ದಾಗಲೂ ಕ್ಯಾರೆಟ್ಟಿನ ರಸವನ್ನು ಕುಡಿದರು. ಅವರ ಮಕ್ಕಳಿಗೆ ಮುಂದೆ ಕ್ಯಾರೆಟ್ಟಿನ ರಸದಲ್ಲಿ ಕಲಸಿದ ಗಂಜಿಯನ್ನು ತಿನ್ನಿಸಿದಾಗ ಅವು ಇತರ ಮಕ್ಕಳಿಗಿಂತ ಕಡಮೆ ಮುಖ ಸಿಂಡರಿಸಿದುವು. ತಾಯಿ ಉಂಡುದರ ಪರಿಮಳ ಗರ್ಭದ ನೀರಿನಲ್ಲಿಯೂ ಮೊಲೆಹಾಲಿನಲ್ಲಿಯೂ ಬೆರೆಯುತ್ತದೆ. ಮಗು ಮೊದಲ ಊಟವನ್ನು ಕಲಿಯುವುದು ತಾಯಿಯ ತಟ್ಟೆಯಿಂದ.

ಬಲವಂತದ ಫಲ

ಹಾಗಾದರೆ ಹದಿನೈದು ಸಲ ಬಲವಂತವಾಗಿ ತುರುಕಿದರಾಯಿತೆ? ಇಲ್ಲ. ಮಗು ರುಚಿಯನ್ನು ಮಾತ್ರ ನೆನಪಿಟ್ಟುಕೊಳ್ಳುವುದಿಲ್ಲ. ಆ ರುಚಿಯೊಡನೆ ಬಂದ ಗದರಿಕೆಯನ್ನೂ ಕಣ್ಣೀರನ್ನೂ ಸೇರಿಸಿಯೇ ನೆನಪಿಟ್ಟುಕೊಳ್ಳುತ್ತದೆ. ೨೦೦೬ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬರ್ಚ್ ಅವರ ತಂಡ ಶಿಶುವಿಹಾರದ ಮಕ್ಕಳಿಗೆ ತರಕಾರಿಯ ಸಾರನ್ನು ಕೊಟ್ಟಿತು. ಒಂದು ಬಗೆಯ ಸಾರನ್ನು ಕೊಡುವಾಗ "ಮುಗಿಸು, ಮುಗಿಸು" ಎಂದು ಒತ್ತಾಯಿಸುತ್ತಿದ್ದರು. ಇನ್ನೊಂದನ್ನು ಕೊಡುವಾಗ ಸುಮ್ಮನಿರುತ್ತಿದ್ದರು. ಕೆಲವು ವಾರಗಳಲ್ಲಿ ಮಕ್ಕಳು ಹೆಚ್ಚು ಕುಡಿದುದು ಯಾರೂ ಒತ್ತಾಯಿಸದ ಸಾರನ್ನು. ಒತ್ತಾಯಿಸಿದುದರ ಬಗ್ಗೆ ಅವರು ಗೊಣಗಿದುದೂ ಹೆಚ್ಚು.

ಲಂಚದ ಗತಿಯೂ ಇದೇ. "ಪಲ್ಯ ತಿಂದರೆ ಚಾಕೊಲೇಟು ಕೊಡುತ್ತೇನೆ" ಎಂದಾಗ ಮಗುವಿನ ತರ್ಕ ನಮ್ಮ ತರ್ಕಕ್ಕಿಂತ ನೇರವಾಗಿರುತ್ತದೆ: ಕೂಲಿ ಕೊಟ್ಟು ತಿನ್ನಿಸಬೇಕಾದುದು ಕೆಟ್ಟ ಪದಾರ್ಥವೇ ಇರಬೇಕು; ಕೂಲಿಯಾಗಿ ಸಿಗುವುದು ಉತ್ತಮ ಪದಾರ್ಥವೇ ಇರಬೇಕು. ಬಹುಮಾನದ ಆಸೆಯಿಂದ ಸೇವಿಸಿದ ಪಾನೀಯದ ಮೇಲೆ ಮಕ್ಕಳ ಒಲವು ಮೊದಲಿಗಿಂತ ಕಡಮೆಯಾಯಿತೆಂದು ೧೯೮೪ರಲ್ಲಿಯೇ ಬರ್ಚ್ ತೋರಿಸಿದ್ದರು.

ಮೂವತ್ತನಾಲ್ಕು ಪದಾರ್ಥಗಳ ಪ್ರಯೋಗ

ಒತ್ತಾಯ ಬೇಡವೆಂದರೆ ಮಗುವನ್ನು ಅದರ ಇಚ್ಛೆಗೆ ಬಿಟ್ಟುಬಿಡುವುದೆ? ಈ ಪ್ರಶ್ನೆಗೆ ಅಮೆರಿಕದ ವೈದ್ಯೆ ಕ್ಲಾರಾ ಡೇವಿಸ್ ೧೯೨೬ರಲ್ಲಿ ಆರಂಭಿಸಿದ ಪ್ರಯೋಗ ಉತ್ತರ ಕೊಡುತ್ತದೆ. ಆಕೆ ಆಗತಾನೆ ಹಾಲು ಬಿಟ್ಟ, ಆರರಿಂದ ಹನ್ನೊಂದು ತಿಂಗಳಿನ ೧೫ ಶಿಶುಗಳನ್ನು ಆಸ್ಪತ್ರೆಯಲ್ಲಿಟ್ಟುಕೊಂಡು ಸಾಕಿದಳು. ಧಾನ್ಯ, ಹಣ್ಣು, ತರಕಾರಿ, ಹಾಲು, ಮೊಟ್ಟೆ, ಮಾಂಸ ಮೊದಲಾದ ೩೪ ಪದಾರ್ಥಗಳ ಪಟ್ಟಿಯಿಂದ ಹಲವನ್ನು ಬೇರೆ ಬೇರೆ ಬಟ್ಟಲುಗಳಲ್ಲಿಟ್ಟು ಶಿಶುವಿನ ಮುಂದೆ ಇಡುತ್ತಿದ್ದರು. ದಾದಿ ಚಮಚ ಹಿಡಿದು ಮೌನವಾಗಿ ಕುಳಿತಿರಬೇಕು. ಶಿಶು ಯಾವುದಕ್ಕೆ ಕೈಚಾಚಿದರೆ ಅದನ್ನು ಮಾತ್ರ ತಿನ್ನಿಸಬೇಕು; ತಿಂದರೆ ಹೊಗಳಬಾರದು, ಬಿಟ್ಟರೆ ಗದರಬಾರದು.

ಶಿಶುಗಳ ಊಟ ವಿಚಿತ್ರವಾಗಿತ್ತು. ಒಂದು ಮಗು ಬೆಳಗಿನ ಹೊತ್ತು ಅರ್ಧ ಲೀಟರಿನಷ್ಟು ಕಿತ್ತಲೆಯ ರಸ ಕುಡಿದು ಪಿತ್ತಜನಕಾಂಗವನ್ನು ತಿಂದಿತು. ಯಾವ ಎರಡು ಮಕ್ಕಳ ಊಟವೂ ಒಂದೇ ಬಗೆಯಾಗಿರಲಿಲ್ಲ. ಆದರೂ ಎಲ್ಲ ಮಕ್ಕಳೂ ಚೆನ್ನಾಗಿ ಬೆಳೆದುವು. ಮೂಳೆ ಮೆತ್ತಗಾಗುವ ರೋಗವಿದ್ದ ಒಂದು ಮಗುವಿನ ಮುಂದೆ ಮೀನೆಣ್ಣೆಯ ಲೋಟವನ್ನೂ ಇಟ್ಟಿದ್ದರು. ಅದು ರೋಗ ವಾಸಿಯಾಗುವವರೆಗೆ ಇಷ್ಟ ಬಂದಷ್ಟು ಕುಡಿದು ಆಮೇಲೆ ಬಿಟ್ಟಿತು.

ಮಕ್ಕಳಿಗೆ ತಮಗೇನು ಬೇಕೆಂಬುದು ತಾನಾಗಿಯೇ ಗೊತ್ತು ಎಂದು ಇದರಿಂದ ತೀರ್ಮಾನಿಸಲು ಆತುರಪಡಬೇಡಿ. ಪ್ರಯೋಗದ ಗುಟ್ಟು ಆ ಪಟ್ಟಿಯಲ್ಲಿಯೇ ಇದೆಯೆಂದು ಡೇವಿಸ್ ೧೯೩೯ರಲ್ಲಿ ತಾನೇ ಒಪ್ಪಿಕೊಂಡಳು. ಅದರಲ್ಲಿ ಸಕ್ಕರೆಯಿರಲಿಲ್ಲ, ಬಿಸ್ಕತ್ತಿರಲಿಲ್ಲ, ಡಬ್ಬದ ತಿನಿಸಿರಲಿಲ್ಲ. ಎತ್ತ ಕೈಚಾಚಿದರೂ ಕೈಗೆ ಸಿಗುತ್ತಿದ್ದುದು ಸತ್ತ್ವವುಳ್ಳ ಆಹಾರವೇ. ಆದುದರಿಂದ ಕೆಲಸವನ್ನು ಹೀಗೆ ಹಂಚಿಕೊಳ್ಳಬೇಕು: ಏನನ್ನು, ಯಾವ ಹೊತ್ತಿಗೆ ಬಡಿಸಬೇಕೆಂಬುದು ಹಿರಿಯರ ಕೆಲಸ, ಬಡಿಸಿದುದರಲ್ಲಿ ಯಾವುದನ್ನು, ಎಷ್ಟು ತಿನ್ನಬೇಕೆಂಬುದು ಮಗುವಿನ ಕೆಲಸ. ನಮ್ಮ ಮನೆಯಲ್ಲಿ ಇದು ತಿರುಗುಮುರುಗಾಗಿತ್ತು. ಬಿಸ್ಕತ್ತು ಬೇಕೆಂದು ತೀರ್ಮಾನಿಸುತ್ತಿದ್ದವಳು ಮಗಳು. ಇನ್ನು ನಾಲ್ಕು ತುತ್ತು ಎಂದು ತೀರ್ಮಾನಿಸುತ್ತಿದ್ದವರು ನಾವು.

ಅಡಿಗೆಯ ಮನೆಯಲ್ಲಿ

ನಮ್ಮ ಅಜ್ಜಿಯರ ಅಡಿಗೆಯಲ್ಲಿ ಈ ಸಮಸ್ಯೆಗೆ ಹಲವು ಪರಿಹಾರಗಳು ಅಡಗಿವೆ. ಹಾಗಲಕಾಯಿಯ ಗೊಜ್ಜಿಗೆ ಉಪ್ಪು, ಹುಣಿಸೆಹಣ್ಣು, ಬೆಲ್ಲ ಹಾಕುವುದು ಏತಕ್ಕೆ? ಉಪ್ಪಿನ ಸೋಡಿಯಂ ಹಲವು ಬಗೆಯ ಕಹಿಯನ್ನು ತಗ್ಗಿಸುತ್ತದೆಂದು ೧೯೯೭ರಲ್ಲಿ ಬ್ರೆಸ್ಲಿನ್ ಮತ್ತು ಬೋಚಾಂಪ್ ತೋರಿಸಿದರು. ನೀವೇ ಪರೀಕ್ಷಿಸಬಹುದು. ಮೆಂತ್ಯವನ್ನು ರಾತ್ರಿ ನೆನೆಹಾಕಿ, ಆ ನೀರನ್ನು ಎರಡು ಲೋಟಗಳಲ್ಲಿ ಹಂಚಿ, ಒಂದಕ್ಕೆ ಚಿಟಿಕೆ ಉಪ್ಪನ್ನು ಬೆರೆಸಿ. ಎರಡನ್ನೂ ರುಚಿ ನೋಡಿ ಹೋಲಿಸಿರಿ. ಮಕ್ಕಳ ಊಟಕ್ಕೆ ಚಿಟಿಕೆಗಿಂತ ಹೆಚ್ಚು ಉಪ್ಪು ಬೇಡ.

ನಾವು ರುಚಿ ಎನ್ನುವುದರಲ್ಲಿ ಬಹುಪಾಲು ವಾಸನೆ. ಮೂಗನ್ನು ಬಿಗಿಯಾಗಿ ಹಿಡಿದುಕೊಂಡು ನಾಲ್ಕು ಕಾಳು ಸೋಂಪನ್ನು ಅಗಿಯಿರಿ. ಬರಿಯ ಸವಿ ಮಾತ್ರ ತಿಳಿಯುತ್ತದೆ. ಕೈ ಬಿಟ್ಟೊಡನೆ ಪರಿಮಳ ತುಂಬಿಕೊಳ್ಳುತ್ತದೆ. ಬಾಯಿಯೊಳಗಿನ ಆವಿ ಗಂಟಲಿನ ಹಿಂದಿನಿಂದ ಮೂಗಿಗೆ ಏರುವುದೇ ಇದಕ್ಕೆ ಕಾರಣ. ಪದಾರ್ಥ ಬಿಸಿಯಾದಷ್ಟೂ ಆವಿಯಾಗುವ ಅಣುಗಳು ಹೆಚ್ಚು. ಎಲೆಕೋಸನ್ನು ಬಹಳ ಹೊತ್ತು ಬೇಯಿಸಿದರೆ ಗಂಧಕದ ದುರ್ನಾತವುಳ್ಳ ಅನಿಲಗಳು ಹುಟ್ಟುತ್ತವೆ. ಬೇಗ ಬೇಯಿಸಿ, ಉಗುರು ಬೆಚ್ಚಗೆ ಆರಿಸಿ ಕೊಟ್ಟ ಕೋಸನ್ನು ಮಗು ಸಹಿಸಬಹುದು.

ಪರಿಚಿತವಾದುದರ ಹೆಗಲ ಮೇಲೆ ಅಪರಿಚಿತವನ್ನು ಕೂರಿಸುವುದು ಇನ್ನೊಂದು ಉಪಾಯ. ಅಕ್ಕಿರೊಟ್ಟಿಗೆ ಸಬ್ಬಸಿಗೆ ಸೊಪ್ಪು, ದೋಸೆಯ ಹಿಟ್ಟಿಗೆ ನುಗ್ಗೆಸೊಪ್ಪು, ಮುದ್ದೆಯ ಜೊತೆಗೆ ಬಸ್ಸಾರು ಈ ತತ್ತ್ವದವೇ. ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೂಳೆಗೆ ಹಾಲೊಂದೇ ಗತಿಯೆನ್ನುವವರು ಇದನ್ನು ಗಮನಿಸಬೇಕು. ಸೊಪ್ಪಿನ ಕ್ಯಾರೊಟೀನ್ ಕೊಬ್ಬಿನಲ್ಲಿ ಕರಗತಕ್ಕದ್ದಾದುದರಿಂದ ಒಗ್ಗರಣೆಯ ಎಣ್ಣೆ ಅದನ್ನು ಶರೀರಕ್ಕೆ ಸೇರಿಸಲು ನೆರವಾಗುತ್ತದೆ. ಸೊಪ್ಪಿನ ಕಬ್ಬಿಣದಲ್ಲಿ ರಕ್ತಕ್ಕೆ ಸೇರುವುದು ಸ್ವಲ್ಪ ಭಾಗ ಮಾತ್ರ. ನಿಂಬೆಯ ರಸ ಹಿಂಡಿದರೆ ಅದು ಹೆಚ್ಚುತ್ತದೆ, ಊಟದೊಡನೆ ಚಹ ಕುಡಿದರೆ ತಗ್ಗುತ್ತದೆ.

ಎಲ್ಲಕ್ಕಿಂತ ದೊಡ್ಡ ವ್ಯಂಜನ ಪಂಕ್ತಿ. ೧೯೮೦ರಲ್ಲಿ ಬರ್ಚ್ ಒಂದು ತರಕಾರಿಯನ್ನು ಒಲ್ಲದ ಮಗುವನ್ನು ಅದನ್ನು ಇಷ್ಟಪಡುವ ಮಕ್ಕಳ ನಡುವೆ ಕೂರಿಸಿದರು. ಕೆಲವೇ ದಿನಗಳಲ್ಲಿ ಅಂತಹ ಮಕ್ಕಳು ತಮ್ಮ ಆಯ್ಕೆಯನ್ನು ಬದಲಾಯಿಸಿಕೊಂಡರು. ಯಾರೂ ಉಪದೇಶ ಮಾಡಿರಲಿಲ್ಲ. ಕರ್ನಾಟಕದ ಶಾಲೆಗಳಲ್ಲಿ ೨೦೦೨ರಲ್ಲಿ ಆರಂಭವಾದ ಅಕ್ಷರ ದಾಸೋಹದ ಸಾಲಿನಲ್ಲಿ ಕುಳಿತ ಮಗು ಮನೆಯಲ್ಲಿ ಮುಟ್ಟದ ತರಕಾರಿಯ ಸಾಂಬಾರನ್ನು ಅಲ್ಲಿ ಉಂಡು ಬಂದರೆ ಆಶ್ಚರ್ಯಪಡಬೇಕಾಗಿಲ್ಲ.

ಒಂದು ಎಚ್ಚರಿಕೆ ಅವಶ್ಯ. ಎಲ್ಲ ನಿರಾಕರಣೆಯೂ ಸಹಜವಲ್ಲ. ಮಗುವಿನ ತೂಕ ಇಳಿಯುತ್ತಿದ್ದರೆ, ನುಂಗುವಾಗ ಉಸಿರು ಕಟ್ಟಿದಂತಾಗುತ್ತಿದ್ದರೆ, ಮುಖ ಬಿಳಿಚಿದ್ದರೆ, ಮಣ್ಣನ್ನೋ ಸುಣ್ಣವನ್ನೋ ತಿನ್ನುತ್ತಿದ್ದರೆ ಅಡಿಗೆಯ ಉಪಾಯಗಳನ್ನು ನೆಚ್ಚಿ ಕೂರದೆ ವೈದ್ಯರಲ್ಲಿಗೆ ಹೋಗಬೇಕು.

ಲೆಕ್ಕದ ಕೊನೆ

ನಮ್ಮ ಮನೆಯಲ್ಲಿ ಹಾಲು ಎರಡು ಲೋಟಕ್ಕೆ ಇಳಿಯಿತು. ಬಿಸ್ಕತ್ತಿನ ಡಬ್ಬ ಅಟ್ಟಕ್ಕೆ ಹೋಯಿತು. ಮಗಳು ನಮ್ಮೊಡನೆಯೇ ನೆಲದ ಮೇಲೆ ಕುಳಿತು ಉಣ್ಣತೊಡಗಿದಳು. ಅವಳ ತಟ್ಟೆಯ ಅಂಚಿನಲ್ಲಿ ದಿನವೂ ಒಂದು ಚಿಟಿಕೆ ಸೊಪ್ಪು. ತಿನ್ನೆಂದು ಯಾರೂ ಹೇಳಕೂಡದು. ಇದು ಬಹಳ ಕಷ್ಟವಾದುದು ನನ್ನ ತಾಯಿಗೆ. "ಮಗು ಹಸಿದುಕೊಂಡು ಏಳುವುದನ್ನು ನೋಡುತ್ತಾ ಕೂರು ಅನ್ನುತ್ತೀಯಲ್ಲೋ" ಎಂದು ಮೊದಲ ವಾರವೆಲ್ಲ ನನ್ನೊಡನೆ ಮಾತು ಬಿಟ್ಟಿದ್ದರು. ಎರಡು ದಿನ ನಾನೇ ಸೋತು "ಒಂದೇ ತುತ್ತು, ಚಿನ್ನಾ" ಎಂದುಬಿಟ್ಟೆ; ತುಟಿಗಳು ಮತ್ತೆ ಬಿಗಿದುಕೊಂಡುವು. ಮೂರನೆಯ ವಾರದಲ್ಲಿ ಒಂದು ದಿನ ಅವಳು ಅಜ್ಜಿಯ ತಟ್ಟೆಗೆ ಕೈಹಾಕಿ ಬಸ್ಸಾರಿನ ಸೊಪ್ಪಿನ ಪಲ್ಯವನ್ನು ಒಂದಿಷ್ಟು ತೆಗೆದು ಬಾಯಿಗಿಟ್ಟುಕೊಂಡಳು. ಮುಖ ಕಿವುಚಿದಳು, ಆದರೆ ಉಗುಳಲಿಲ್ಲ. ನಾವು ಯಾರೂ ಮಾತನಾಡಲಿಲ್ಲ. ಅಜ್ಜಿ ಮಾತ್ರ ತಟ್ಟೆಯನ್ನು ಸ್ವಲ್ಪ ಅವಳ ಕಡೆಗೆ ಸರಿಸಿದರು.

ಮೂರು ತಿಂಗಳ ಮೇಲೆ ಹಿಮೊಗ್ಲೋಬಿನ್ ೧೧ನ್ನು ದಾಟಿತು. ಅದರ ಕೀರ್ತಿ ಬಹುಪಾಲು ವೈದ್ಯರು ಕೊಟ್ಟ ಕಬ್ಬಿಣದ ಔಷಧಕ್ಕೆ ಸಲ್ಲಬೇಕು. ಚಿಟಿಕೆ ಸೊಪ್ಪಿಗೆ ಅಷ್ಟು ಶಕ್ತಿಯಿಲ್ಲ. ಆದರೆ ಔಷಧ ಒಂದು ದಿನ ನಿಲ್ಲತಕ್ಕದ್ದು. ಅದು ನಿಂತ ಮೇಲೆ ಮಗುವನ್ನು ಕಾಯಬೇಕಾದುದು ಪ್ರತಿದಿನದ ತಟ್ಟೆ.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಹಲವರ ಮನೆಯಲ್ಲಿ ತಮ್ಮನೋ ತಂಗಿಯೋ ಅಕ್ಕನ ಮಗುವೋ ಇರಬಹುದು. ಮುಂದಿನ ಸಲ ಆ ಮಗು ಮುಖ ತಿರುಗಿಸಿದಾಗ ಗುಮ್ಮನನ್ನು ಕರೆಯಬೇಡಿ. ಅದರ ಪಕ್ಕದಲ್ಲಿ ಕುಳಿತು ನಿಮ್ಮ ತಟ್ಟೆಯಲ್ಲಿರುವ ಪಲ್ಯವನ್ನು ನೀವು ಬಿಡದೆ ತಿನ್ನಿರಿ. ಮಗು ನಿಮ್ಮ ಮಾತನ್ನು ಕೇಳದಿರಬಹುದು. ನಿಮ್ಮ ಕೈಯನ್ನು ನೋಡುತ್ತಿರುತ್ತದೆ.